ಚೆಂಡು ಕೊಡದ ಕ್ಲೈಡ್

ಆಗಸ್ಟ್ 12, 1978, ಶನಿವಾರ

ಸದ್ಯ, ಇವತ್ತು ಯಾರೂ ನನ್ನ ಗಂಡನಿಗೆ ಕನಿಕರ ತೋರಿಸಲಿಲ್ಲ.

ತನ್ನ ಕ್ಯಾನ್ಸರ್ ವಾಸಿಯಾಗುವಂಥದ್ದಲ್ಲ ಎಂದು ಎಲ್ಡನ್ ತನ್ನ ಬೇಸ್‌ಬಾಲ್ ತಂಡಕ್ಕೆ ಹೇಳಿದಾಗಿನಿಂದ ಹುಡುಗರು ಅವನೆದುರು ಪಿಸುಗುಡುತ್ತಿದ್ದರು. "ಹೂಳೋಕೆ ಮೊದಲೇ ಸಮಾಧಿ ಮುಂದೆ ನಿಂತ ಹಾಗೆ ಆಡ್ತಾರೆ ಕಣೇ. ಇವರಿಗೆ ನಾನು ಇನ್ನು ಮ್ಯಾನೇಜರ್ ಅಲ್ಲ," ಅನ್ನುತ್ತಿದ್ದ.

ಇವತ್ತಿನ ಪಂದ್ಯದಲ್ಲಿ ನಮ್ಮ ಎಸೆತಗಾರ ಕ್ಲೈಡ್ ಎಸೆದದ್ದನ್ನೆಲ್ಲ ಎದುರಾಳಿಗಳು ಬಾರಿಸತೊಡಗಿದರು. ಎಸೆತಗಾರನನ್ನು ಬದಲಿಸಬೇಕಾದರೆ ಮ್ಯಾನೇಜರೇ ಮೈದಾನದ ನಡುವಿನ ದಿಬ್ಬಕ್ಕೆ ಹೋಗಿ ಚೆಂಡಿಗೆ ಕೈಚಾಚಬೇಕು. ಎಲ್ಡನ್ ನಿಂತು ನಿಂತು ನಡೆದ. ಎಲ್ಲಿ ಬೀಳುತ್ತಾನೋ ಎಂದು ನಾನು ಪ್ರೇಕ್ಷಕರ ಸಾಲಿನಲ್ಲಿ ಎದ್ದು ನಿಂತೆ. ಕ್ಲೈಡ್ ಚೆಂಡನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅಲ್ಲೇ ಜಗಳ ಹತ್ತಿತು, ಅಂಪೈರ್ ಬರಬೇಕಾಯಿತು.

ಕಾರಿನಲ್ಲಿ ಕೇಳಿದೆ, "ಏನಂದ ಅವನು?"

"'ಕೊಡಲ್ಲ ಹೋಗಯ್ಯ ಮುದುಕ, ನಿಂಗೆ ಆಟ ಯಾವಾಗ ಅರ್ಥ ಆಗಿತ್ತು' ಅಂದ."

"ನೀನೇನಂದೆ?"

"'ನಿಮ್ಮಜ್ಜಿ ಇದಕ್ಕಿಂತ ಜೋರಾಗಿ ಎಸೀತಾಳೆ, ತಾರೋ ಇಲ್ಲಿ' ಅಂದೆ."

ಪಂದ್ಯ ಸೋತಿದ್ದರೂ ಮನೆ ಮುಟ್ಟುವವರೆಗೂ ನಗುತ್ತಿದ್ದ. "ನಾಳೆ ಆ ಬಡ್ಡಿಮಗನ್ನ ಬೆಂಚಲ್ಲಿ ಕೂರಿಸ್ತೀನಿ," ಎಂದು ಬೈಯುತ್ತಲೇ ಮಲಗಿದ. ಈಗ ಗೊರಕೆ ಕೇಳಿಸುತ್ತಿದೆ.

ಚಳಿಗಾಲದವರೆಗೆ ಎಂದ ಡಾಕ್ಟರ ಮಾತಿನ ಬಗ್ಗೆ ಈ ರಾತ್ರಿ ಯೋಚಿಸುವುದಿಲ್ಲ. ಕ್ಲೈಡ್ ಮುಂದಿನ ಸಲವೂ ಚೆಂಡು ಕೊಡದಿರಲಿ, ಅದರ ಮುಂದಿನ ಸಲವೂ...