ಮುದ್ದೆಯ ಗುಳಿ

ಸುನೀಲಣ್ಣ,

ಹಳೆಯ ಯುದ್ಧನೌಕೆಯಲ್ಲಿ ರಾತ್ರಿ ದೆವ್ವಗಳ ಟೂರ್ ನಡೆಸುತ್ತೀಯಂತೆ ಎಂದು ಕೇಳಿ, ಸರ್‌ಪ್ರೈಸ್ ಕೊಡೋಣವೆಂದು ಹೇಳದೆ ಬಂದಿದ್ದೆ. ಕತ್ತಲಲ್ಲಿ ನಿನಗೆ ನನ್ನ ಗುರುತು ಸಿಗಲಿಲ್ಲ.

ಹಡಗಿನ ಅಡುಗೆಮನೆಯಲ್ಲಿ ನೀನು ಟಾರ್ಚ್ ಆರಿಸಿ ಶುರುಮಾಡಿದೆ: "ಚಿಂತಾಮಣಿ ಕಡೆ ಹುಡುಗ, ಇಲ್ಲೇ ಸತ್ತ. ಅವರಮ್ಮ ಇವತ್ತಿಗೂ ತಟ್ಟೆ ಇಡ್ತಾರೆ. ಮುದ್ದೆಗೆ ಹೆಬ್ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಡ್ತಾರೆ. ಬೆಳಗ್ಗೆ ನೋಡಿದ್ರೆ ತುಪ್ಪ ಇರಲ್ಲ!"

ಜನ ಚೀರಿದರು, ಆಮೇಲೆ ನಕ್ಕರು. ನೀನೂ ನಕ್ಕೆ.

ನಿನ್ನ ಗೆಳೆಯ, ನನ್ನಣ್ಣ ಕನಕ, ಸಮುದ್ರವನ್ನೇ ನೋಡಿರಲಿಲ್ಲ. ನಮ್ಮ ರೇಷ್ಮೆ ಹುಳುಮನೆಯಲ್ಲಿ ಕರೆಂಟ್ ಹೊಡೆದು ಹೋದ. ಅಮ್ಮ ಅವನಿಗೆ ತಟ್ಟೆ ಇಡುವುದನ್ನು ಕಂಡ ಹೊರಗಿನವನು ನೀನೊಬ್ಬನೇ. ಅವತ್ತು ನೀನು ಅತ್ತಿದ್ದೆ.

"ಸುನೀಲಪ್ಪ ಬಂದ್ರೆ ಹಸಿದಿರ್ತಾನೆ ಕಣಮ್ಮ" ಎಂದು ಅಮ್ಮ ಕನಕನ ಪಕ್ಕ ನಿನಗೂ ಒಂದು ತಟ್ಟೆ ಇಡುತ್ತಾಳೆ. ಇವತ್ತು ಅದನ್ನು ನಾನೇ ಎತ್ತಿ ತೊಳೆದಿಟ್ಟೆ.