ನೆರಳನ್ನು ತೆರವುಗೊಳಿಸಿದವರಿಗೆ

ನಗರದ ಚೌಕಗಳನ್ನು ಅಂದಗೊಳಿಸುವ ಹೊಣೆ ಹೊತ್ತ ಮುಖ್ಯಾಧಿಕಾರಿಗಳೇ,

ನಿಮ್ಮ ಹೊಸ ಚೌಕದಲ್ಲಿ ಕಸ ಗುಡಿಸುತ್ತಿದ್ದ ನನ್ನ ಅಕ್ಕ ಕಳೆದ ತಿಂಗಳು, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ, ಅಲ್ಲಿಯೇ ಕುಸಿದು ಬಿದ್ದು ಸತ್ತಳು. ನಿಮ್ಮ ಕಚೇರಿ ಅದನ್ನು ‘ಸಹಜ ಸಾವು’ ಎಂದು ಬರೆದುಕೊಂಡಿದೆ. ಐವತ್ತೊಂದು ವರ್ಷದ ಹೆಂಗಸು ಬೆಳಿಗ್ಗೆ ತನ್ನ ಕಾಲ ಮೇಲೆ ನಡೆದು ಕೆಲಸಕ್ಕೆ ಹೋಗಿ, ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬೋರಲು ಬೀಳುವುದರಲ್ಲಿ ಸಹಜವಾದದ್ದು ಯಾವುದು?

ಆ ಚೌಕವನ್ನು ಅವಳು ಹತ್ತೊಂಬತ್ತು ವರ್ಷ ಗುಡಿಸಿದಳು. ಮೊದಲು ಅಲ್ಲಿ ಹನ್ನೊಂದು ದೊಡ್ಡ ಮರಗಳಿದ್ದವು. “ಈ ಕಡೆ ಗುಡಿಸಿದ್ರೆ ಆ ಕಡೆ ಉದುರಿಸ್ತವೆ, ಇವಕ್ಕೆ ನನ್ನ ಮೇಲೇ ಹಠ” ಎಂದು ದಿನಾ ಬೈಯುತ್ತಿದ್ದಳು. ಬೈದು, ಅವುಗಳ ಬುಡದಲ್ಲೇ ಬುತ್ತಿ ಬಿಚ್ಚುತ್ತಿದ್ದಳು. ಎಲೆ ಬಿದ್ದರೆ ಹೊಸದಾಗಿ ಹಾಸಿದ ಹೊಳಪುಕಲ್ಲಿಗೆ ಕಲೆಯಾಗುತ್ತದೆಂದು ನೀವು ಮರಗಳನ್ನೇ ಕಡಿಸಿದಿರಿ. ಈಗ ಚೌಕದ ಫೋಟೊ ಬಹಳ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಹನ್ನೊಂದರಿಂದ ಐದರವರೆಗೆ ಅಡ್ಡ ಬರಲು ಅಲ್ಲಿ ಜನರೇ ಇರುವುದಿಲ್ಲವಲ್ಲ. ಗುಡಿಸುವವಳೊಬ್ಬಳನ್ನು ಬಿಟ್ಟು.

ನೀವು ಜನರನ್ನು ಕೇಳಲೇ ಇಲ್ಲವೆಂದು ನಾನು ಸುಳ್ಳು ಹೇಳಲಾರೆ. ಕೈಯಲ್ಲಿ ಕಾವು ಅಳೆಯುವ ಯಂತ್ರವೊಂದನ್ನು ಹಿಡಿದ ಹುಡುಗಿಯೊಬ್ಬಳನ್ನು ಸಮೀಕ್ಷೆಗೆ ಕಳಿಸಿದ್ದಿರಿ. “ಇಲ್ಲಿ ಹೇಗನ್ಸುತ್ತೆ ಆಂಟಿ? ಹಾಯಾಗಿದೆಯಾ, ಪರವಾಗಿಲ್ವಾ, ತಡ್ಕೊಳೋಕೇ ಆಗಲ್ವಾ?” ಎಂದು ಅವಳು ಕೇಳುವಾಗ ಮೇಸ್ತ್ರಿ ಎರಡು ಮಾರು ದೂರದಲ್ಲಿ ನಿಂತಿದ್ದ. “ಪರವಾಗಿಲ್ಲಮ್ಮ” ಎಂದಳಂತೆ ಅಕ್ಕ. ಸಂಜೆ ಬಕೆಟ್ಟಿನ ನೀರಿನಲ್ಲಿ ಪಾದ ಮುಳುಗಿಸಿ ಕುಳಿತು ಅದನ್ನು ನನಗೆ ಹೇಳಿ ನಕ್ಕಳು. “ನಿಜ ಹೇಳೋದಲ್ವಾ?” ಎಂದೆ. “ತಡ್ಕೊಳೋಕಾಗಲ್ಲ ಅಂದ್ರೆ, ತಡ್ಕೊಳೋರನ್ನ ನಾಳೆನೇ ಕರ್ಕೊಂಡು ಬರ್ತಾನೆ ಕಣೋ.” ನಿಮ್ಮ ವರದಿಯಲ್ಲಿ ಚೌಕದ ಬಗ್ಗೆ ತೃಪ್ತಿ ಸೂಚಿಸಿದವರ ಪೈಕಿ ಅವಳೂ ಒಬ್ಬಳು.

ನಾನು ಟಾರ್ಪಾಲು ಹೊಲಿಯುವವನು. ಮನಸ್ಸು ತಡೆಯದೆ ದಪ್ಪ ಬಟ್ಟೆಯ ಚಪ್ಪರವೊಂದನ್ನು ಹೊಲಿದು ಎರಡು ದೀಪದ ಕಂಬಗಳಿಗೆ ಕಟ್ಟಿಬಂದೆ. ಅದರಡಿ ಅಕ್ಕ ಕುಳಿತಳು. ಬಲೂನು ಮಾರುವ ಮುದುಕ ಬಂದ. ಬಸ್ಸಿಗೆ ಕಾಯುತ್ತಿದ್ದ ಬಸುರಿಯೊಬ್ಬಳು ಬಂದಳು. ಒಬ್ಬರಿಗೊಬ್ಬರು ಸರಿದು ಜಾಗ ಕೊಟ್ಟರು. ಮೂರನೆಯ ದಿನ ನಿಮ್ಮವರು ಬಂದು, ಅನಧಿಕೃತವೆಂದು ಹಗ್ಗ ಕೊಯ್ದು ಬಟ್ಟೆಯನ್ನು ಲಾರಿಗೆ ಹಾಕಿದರು. “ನೆರಳು ಬೇಕಂದ್ರೆ ಅರ್ಜಿ ಹಾಕ್ರಿ” ಎಂದರು. ಹಾಕಿದೆ. ಅಕ್ಕ ಹೋದ ನಾಲ್ಕನೆಯ ದಿನ ಉತ್ತರ ಬಂತು: ಪರಿಶೀಲನೆಯಲ್ಲಿದೆ.

ಸತ್ತ ದಿನ ಬೆಳಿಗ್ಗೆ ಅವಳು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಯಾಕೋ ತಲೆ ತಿರುಗ್ತಾ ಇದೆ ಕಣೋ” ಎಂದಿದ್ದಳು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ತಲೆಯೆತ್ತದೆ, “ಇವತ್ತೊಂದಿನ ಹೋಗ್ಬಾ, ನಾಳೆ ರಜೆ ಹಾಕು” ಎಂದುಬಿಟ್ಟೆ. “ಹೂಂ” ಎಂದು ಹೋದಳು. ಆಸ್ಪತ್ರೆಯಲ್ಲಿ ನಾನು ಹಿಡಿದಾಗಲೂ ಅವಳ ಕೈ ಜ್ವರ ಬಂದವರ ಕೈಯಂತೆ ಸುಡುತ್ತಿತ್ತು. ಉಸಿರು ನಿಂತು ಆಗಲೇ ಅರ್ಧ ಗಂಟೆಯಾಗಿತ್ತು. ಎಡಗೆನ್ನೆಯ ಮೇಲೆ ಎರಡು ಕಲ್ಲುಗಳ ನಡುವಿನ ಗೆರೆ ಸುಟ್ಟು ಮೂಡಿತ್ತು. ನನ್ನ ತಪ್ಪನ್ನು ನಾನು ಈ ಬಹಿರಂಗ ಪತ್ರದಲ್ಲಿ, ಎಲ್ಲರಿಗೂ ಕಾಣುವಂತೆ ಬರೆದಿದ್ದೇನೆ. ನಿಮ್ಮದನ್ನು ಯಾರು ಬರೆಯಬೇಕು?

ಆ ‘ಸಹಜ’ ಎಂಬ ಪದವನ್ನು ಹೊಡೆದುಹಾಕಿ, ಬಿಸಿಲಿನಿಂದ ಸತ್ತಳು ಎಂದು ಬರೆಯಿರಿ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರನ್ನೂ ಬಯಲಲ್ಲಿ ದುಡಿಸಬೇಡಿ. ಕಡಿದಷ್ಟು ಮರ ನೆಡಿ. ಅವು ಬೆಳೆಯುವ ತನಕ ಚಪ್ಪರ ಹಾಕಿಸಿ, ಹೊಲಿಗೆ ನನ್ನದು. ಇದನ್ನು ಮುಂದಿನ ಬೇಸಿಗೆಗೆ ತಳ್ಳಬೇಡಿ. ಅಕ್ಕನ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ದೀಪದ ಕಂಬದ ಗೇಣಗಲದ ನೆರಳಿನಲ್ಲಿ ಮೈ ಹಿಡಿಮಾಡಿಕೊಂಡು ನಿಂತಿರುತ್ತಾಳೆ. ನೆರಳು ಸರಿದಂತೆ ಅವಳೂ ಸರಿಯುತ್ತಾಳೆ.

ಇಂತಿ,
ನಿಮಗಿಂತ ತುಸು ಮೊದಲು ಎಚ್ಚೆತ್ತ, ಆದರೂ ತಡಮಾಡಿದ,
ಒಬ್ಬ ತಮ್ಮ