ಪೆಟ್ರೋಲು ಸೋಸಿದ ಅರಿವೆ

ಕೊಲ್ಹಾಪುರ,
೨೧ ಜುಲೈ ೧೯೩೭, ಬುಧವಾರ

ಚಿರಂಜೀವಿ ತಮ್ಮ ಅಭಯಕುಮಾರನಿಗೆ ಅಕ್ಕ ರತ್ನಮಾಲಾಳ ಜಯಜಿನೇಂದ್ರ, ಮನಸಾರೆ ಆಶೀರ್ವಾದ.

ನಿನ್ನ ಕ್ಷೇಮ ಕೇಳುವುದಕ್ಕೂ ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಮಂಗಲ ಶನಿವಾರ ಮಧ್ಯಾಹ್ನ ಇಲ್ಲಿನ ದವಾಖಾನೆಯಲ್ಲಿ ಹೆಣ್ಣು ಹೆತ್ತಳು. ಕೂಸು ಅಡ್ಡ ತಿರುಗಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಇಬ್ಬರೂ ಕೈಗೆ ಹತ್ತುತ್ತಿರಲಿಲ್ಲ ಎಂದು ಡಾಕ್ಟರಬಾಯಿ ಹೇಳಿದರು. ಈಗ ತಾಯಿ ಗಂಜಿ ಕುಡಿಯುತ್ತಾಳೆ, ಮಗಳು ಇಡೀ ವಾರ್ಡಿಗೆ ಕೇಳುವಂತೆ ಅಳುತ್ತಾಳೆ. ನನಗಂತೂ ಹೋದ ಜೀವ ಬಂದಂತಾಗಿದೆ.

ಇಪ್ಪತ್ತೊಂಬತ್ತಕ್ಕೆ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ತೊಟ್ಟಿಲು. ನೀನು ಬರಬೇಕು. ಮಂಗಲಳಿಗೆ ಇರುವವನು ನೀನೊಬ್ಬನೇ ಸೋದರಮಾವ. ಒಂದು ವರ್ಷದಿಂದ ನಮ್ಮ ಹೊಸ್ತಿಲು ತುಳಿದಿಲ್ಲ, ಅವಳ ಬಸುರಿನ ಕುಬಸಕ್ಕೂ ಬರಲಿಲ್ಲ. ಬಾರದಿರಲು ನಿನಗೆ ಕಾರಣವಿತ್ತು. ಆ ಕಾರಣ ಇನ್ನು ಉಳಿಯಬಾರದೆಂದೇ ಈ ಕಾಗದ.

ಎಲ್ಲ ಆ ಮೋಟಾರಿನಿಂದ. ನೀನು ಅದನ್ನು ಇಚಲಕರಂಜಿಯ ನಿನ್ನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿ ನಮಗೆ ತಂದುಕೊಟ್ಟ ದಿನದಿಂದ ನಮ್ಮ ಕಟ್ಟೆಯ ಮೇಲೆ ಬೇರೆ ಮಾತೇ ಇರಲಿಲ್ಲ. ನಮ್ಮ ಮನೆಯವರೂ ಅವರ ಗೆಳೆಯ, ಬಾಡಿಗೆಯ ಸರ್ವಿಸ್ ಮೋಟಾರು ಓಡಿಸುವ ಬಾಬಾಸಾಹೇಬರೂ ಚಹಾ ಆರಿ ಹೋಗುವತನಕ ವಾದಿಸುತ್ತಿದ್ದರು. ಏರು ಹತ್ತಲು ಸಿಲಿಂಡರು ಆರು ಇರಲೇಬೇಕು, ನಾಲ್ಕರ ಕೆಲಸವಲ್ಲ ಎಂದು ಇವರು. ಸಿಲಿಂಡರು ಎಷ್ಟಿದ್ದರೇನು, ಒಳಗೆ ಒತ್ತಡ ಗಟ್ಟಿ ಇಲ್ಲದಿದ್ದರೆ ಎಂಜಿನ್ನು ಉಬ್ಬಸದ ಮುದುಕನೇ ಎಂದು ಅವರು. ನೀನು ಬಂದಾಗ ಮಾತ್ರ ಇಬ್ಬರಿಗೂ, ‘ಕುದುರೆಬಲ ಆಮ್ಯಾಲೆ ನೋಡೂಣ್ರಿ, ಮೊದಲ ಪೆಟ್ರೋಲು, ಗಾಳಿ, ಕಿಡಿ ಮೂರೂ ಸರಿ ಅದಾವೇನು ನೋಡ್ರಿ’ ಎನ್ನುತ್ತಿದ್ದೆ. ನಾನು ಒಳಗೆ ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳುತ್ತಿದ್ದೆ. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಯಾರೂ ದನಿ ಇಳಿಸುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

ಮೂರು ತಿಂಗಳಿಗೆ ಗಾಡಿ ಕೆಮ್ಮತೊಡಗಿತು. ಏರು ಬಂದರೆ ನಿಂತುಬಿಡುವುದು. ಭಾವಮೈದುನ ಸತ್ತ ಎಂಜಿನ್ನು ನಮ್ಮ ತಲೆಗೆ ಕಟ್ಟಿದ ಎಂದು ಇವರು ಊರೆಲ್ಲ ಹೇಳಿದರು. ಆಮೇಲಿನ ಆ ಜಗಳದ ದಿನವನ್ನು ಇಲ್ಲಿ ಬರೆಯುವುದಿಲ್ಲ. ನೀನೂ ಇದ್ದೆ, ನಾನೂ ಇದ್ದೆ.

ಶನಿವಾರ ಬೆಳಿಗ್ಗೆ ಸೂಲಗಿತ್ತಿ ಬಾಳವ್ವ ತನ್ನಿಂದ ಆಗದೆಂದು ಕೈಚೆಲ್ಲಿದಳು, ಕೊಲ್ಹಾಪುರಕ್ಕೆ ಒಯ್ಯಿರಿ ಎಂದಳು. ಬಾಬಾಸಾಹೇಬರ ಮೋಟಾರು ಗಾಲಿ ಬಿಚ್ಚಿಕೊಂಡು ನಿಂತಿತ್ತು. ಬೇರೆ ದಾರಿಯಿಲ್ಲದೆ ಮಂಗಲಳನ್ನು ನಮ್ಮದರಲ್ಲೇ ಮಲಗಿಸಿದೆವು, ಬಾಬಾಸಾಹೇಬರೂ ಜೊತೆಗೆ ಬಂದರು. ಸಂಕೇಶ್ವರ ದಾಟಿ ತವನಿಧಿ ಘಾಟದ ನಡುವೆ ಗಾಡಿ ನಿಂತೇಬಿಟ್ಟಿತು. ಇವರು ಹ್ಯಾಂಡಲ್ ತಿರುವಿ ತಿರುವಿ ಬೆವತರು, ಬಾಬಾಸಾಹೇಬರು ಬಾನೆಟ್ ಎತ್ತಿದರು. ತಮ್ಮಾ, ಹಿಂದೆ ಮಗಳು ಹಲ್ಲು ಕಚ್ಚಿಕೊಂಡು ನರಳುತ್ತಿದ್ದಾಳೆ, ಮುಂದೆ ಇವರಿಬ್ಬರು ಸಿಲಿಂಡರೋ ಒತ್ತಡವೋ ಎಂದು ವಾದಕ್ಕೆ ನಿಂತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಇಳಿದು ಹೋಗಿ ಇಬ್ಬರ ನಡುವೆ ತಲೆ ಹಾಕಿದೆ.

ಎಂಜಿನ್ನಿನ ಮಗ್ಗುಲಿಗೆ ಪೆಟ್ರೋಲು ಬಂದು ನಿಲ್ಲುವ ಗಾಜಿನ ಬಟ್ಟಲನ್ನು ನೀನು ಒಮ್ಮೆ ನನಗೆ ತೋರಿಸಿದ್ದೆ. ಮಸಿ ಹಿಡಿದಿತ್ತು. ಸೆರಗಿನಿಂದ ಒರೆಸಿ ನೋಡಿದರೆ ಒಳಗೆ ಅಡ್ಡಕ್ಕೆ ಒಂದು ಗೆರೆ. ದಿನಾ ಗಾಜಿನ ದೀಪಕ್ಕೆ ನೀರಿನ ಮೇಲೆ ಎಣ್ಣೆ ಹಾಕುವವಳಿಗೆ ಆ ಗೆರೆ ತಿಳಿಯದೇ ಇರುತ್ತದೆಯೇ? ‘ತಳದಾಗ ನೀರು ಐತ್ರಿ, ಚೆಲ್ರಿ ಮೊದಲ’ ಎಂದೆ. ಚೆಲ್ಲಿದರು. ಕಾರ್ಬುರೇಟರಿನ ತಳದ ತಿರುಪನ್ನೂ ಬಿಚ್ಚಿಸಿದೆ, ಅಲ್ಲಿಯೂ ನೀರು. ಎಲ್ಲ ಮತ್ತೆ ಕಟ್ಟಿ ಹ್ಯಾಂಡಲ್ ತಿರುವಿದಾಗ ನಾಲ್ಕನೆಯ ಸಲಕ್ಕೆ ಎಂಜಿನ್ನು ಹಿಡಿಯಿತು. ಆ ಸದ್ದು ಕೇಳಿ ನಾನು ರಸ್ತೆಯ ಮೇಲೆಯೇ ಕುಳಿತು ಅತ್ತುಬಿಟ್ಟೆ. ನೀನು ಕೊಟ್ಟ ನಾಲ್ಕೇ ಸಿಲಿಂಡರಿನಲ್ಲಿ ಘಾಟು ಹತ್ತಿದೆವು.

ನೀರು ಎಲ್ಲಿಂದ ಬಂತೆಂದು ಅವರಿಬ್ಬರೂ ನಿಪ್ಪಾಣಿಯವರೆಗೆ ವಾದಿಸಿದರು. ನನಗೆ ಮಾತ್ರ ಗೊತ್ತಿತ್ತು. ಪೆಟ್ರೋಲು ಸೋಸಲು ನೀನು ಮೆತ್ತನೆಯ ಒಂದು ಚರ್ಮ ಕೊಟ್ಟಿದ್ದೆ, ಇದು ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ ಎಂದಿದ್ದೆ. ಅತ್ತೆ ಚಂಪಾಬಾಯಿಯವರು ವ್ರತ ಹಿಡಿದವರು. ಅವರಿರುವ ಮನೆಯೊಳಗೆ ಚರ್ಮ ಹೇಗೆ ತರಲಿ? ದನದ ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿದೆ. ಹುಟ್ಟಿದಂದಿನಿಂದ ನೀರು ಸೋಸಿ ಕುಡಿದವರು ನಾವು, ಸೋಸುವುದನ್ನು ನಮಗೆ ಯಾರು ಕಲಿಸಬೇಕು ಎಂಬ ಸೊಕ್ಕು ಬೇರೆ. ನೀರಿನ ಅರಿವೆಯಂಥದೇ ಇನ್ನೊಂದನ್ನು ಎರಡು ಪದರು ಮಡಚಿ, ಡಬ್ಬಿಯ ಪೆಟ್ರೋಲನ್ನೆಲ್ಲ ನಾನೇ ಸೋಸಿ ಹಾಕಿದೆ. ಪ್ರತಿ ಸಲ ಅರಿವೆಯನ್ನು ಶುದ್ಧವಾಗಿ ತೊಳೆದು, ಹಸಿಯಿದ್ದಾಗಲೇ ಮತ್ತೆ ಬಳಸಿದೆ. ಡಬ್ಬಿಯೊಳಗೆ ಇಳಿದ ಮಳೆನೀರಿಗೆ ನನ್ನ ನೀರೂ ಕೂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನಾವು ನಿನ್ನ ಕೆಲಸವನ್ನು ಡೊಂಕು ಅಂದೆವು.

ನಿನ್ನ ಎಂಜಿನ್ನು ಸತ್ತಿರಲಿಲ್ಲ. ಅದೇ ನನ್ನ ಮಗಳನ್ನೂ ಮೊಮ್ಮಗಳನ್ನೂ ದವಾಖಾನೆಗೆ ಮುಟ್ಟಿಸಿತು. ಇದನ್ನು ಬರೆದ ಮೇಲೆ ಎದೆ ಹಗುರಾಯಿತು. ತಪ್ಪದೆ ಬಾ.

ನಿನ್ನ ದಾರಿ ನೋಡುವ ಅಕ್ಕ,
ರತ್ನಮಾಲಾ

ತಾ. ಕ. – ಜಗಳದ ದಿನವನ್ನು ಬರೆಯುವುದಿಲ್ಲ ಎಂದಿದ್ದೆ, ಆದರೆ ಹಾಗೆಯೇ ಕಾಗದ ಮಡಚಲು ಮನಸ್ಸು ಒಪ್ಪಲಿಲ್ಲ. ‘ಪೆಟ್ರೋಲಿನಾಗ ನೀರು ಹೊಂಟಾವ, ಸೋಸೂ ಚರ್ಮ ಅಕ್ಕನ ಕೈಯಾಗ ಕೊಟ್ಟೇನಿ, ಕೇಳ್ರಿ’ ಎಂದು ನೀನು ಅಂಗಳದಲ್ಲಿ ಹೇಳಿದಾಗ, ನಾನು ಅತ್ತೆಯವರ ಮುಖ ನೋಡಿ, ನೀನು ಏನೂ ಕೊಟ್ಟಿಲ್ಲ ಎಂದೆ. ಮರೆತು ಅಂದ ಮಾತಲ್ಲ ಅದು. ನೀನು ನನ್ನನ್ನು ಸುಳ್ಳಿ ಎನ್ನಲಿಲ್ಲ, ಊಟ ಬಿಟ್ಟು ಹೊರಟುಹೋದೆ. ನಿನ್ನೆ ಇದೆಲ್ಲವನ್ನೂ ಇವರ ಮುಂದೆ ಹೇಳಿ, ನಿನಗೆ ಕಾಗದ ಬರೆಯುತ್ತೇನೆ ಎಂದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ‘ಕಾಗದ ಟಪಾಲಿಗೆ ಹಾಕಬ್ಯಾಡ, ನಾನ ಒಯ್ತೇನಿ’ ಎಂದರು. ನೀನು ಇದನ್ನು ಓದುತ್ತಿರುವಾಗ ಗ್ಯಾರೇಜಿನ ಹೊರಗೆ ನಿಂತಿರುತ್ತಾರೆ. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರಲಿಕ್ಕಿಲ್ಲ. ನೀನೇ ಒಳಗೆ ಕರೆ.